ಕೇಳಿ, ಹೇಳ್ತೀನಿ: ವೈನಿಗೆ ಸಕ್ಕರೆ ಬದಲು ಗುಳಿಗೆ

ಕ್ರಿಸ್‌ಮಸ್ ಹತ್ತಿರ ಬಂತೆಂದರೆ ನನಗೆ ಬರುವ ಪತ್ರಗಳ ರುಚಿಯೇ ಬದಲಾಗುತ್ತದೆ. ಬೆಲ್ಲ ಯಾಕೆ ಕಪ್ಪಾಯಿತು, ಇಡ್ಲಿ ಹಿಟ್ಟು ಯಾಕೆ ಉಬ್ಬಲಿಲ್ಲ ಅಂತ ವರ್ಷವೆಲ್ಲ ಕೇಳುವವರು ಈಗ ವೈನಿನ ಬಗ್ಗೆ ಕೇಳುತ್ತಾರೆ. ಈ ಸಲದ ಪತ್ರಗಳಲ್ಲಿ ಹೆಚ್ಚಿನವರದ್ದು ಒಂದೇ ಚಿಂತೆ. ಮನೆಯಲ್ಲಿ ಶುಗರ್ ಇದೆ, ಸಕ್ಕರೆ ಬದಲು ಏನು ಹಾಕಲಿ?

ಶುಗರ್ ನನಗೂ ಇದೆ. 31 ವರ್ಷ ಬೀದರ್ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಕಬ್ಬಿನ ರಸದ ಬ್ರಿಕ್ಸ್, ಅಂದರೆ ಸಕ್ಕರೆಯ ಅಂಶ ಎಷ್ಟಿದೆ ಅಂತ, ನೋಡಿದವನು ನಾನು. ರಿಟೈರ್ ಆಗಿ ಕಲಬುರಗಿಗೆ ಬಂದು ಎರಡು ವರ್ಷ ಆಗಿರಲಿಲ್ಲ, ಡಾಕ್ಟರು ನನ್ನ ರಕ್ತದ ಬ್ರಿಕ್ಸ್ ನೋಡಿ ಚಹಾದ ಸಕ್ಕರೆ ಬಿಡಿಸಿದರು. ಹಾಗಾಗಿ ಈ ತಿಂಗಳು ಬೇರೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟಿದ್ದೇನೆ.

ಪ್ರಶ್ನೆ: ಕಾಕಾ, ನಮಸ್ಕಾರ. ಮದುವೆಯಾಗಿ ಬಂದಾಗಿನಿಂದ, ಅಂದರೆ 22 ವರ್ಷದಿಂದ, ಅತ್ತೆ ಕಲಿಸಿದ ಲೆಕ್ಕದಲ್ಲೇ ಕ್ರಿಸ್‌ಮಸ್ ವೈನ್ ಮಾಡುತ್ತಿದ್ದೇನೆ. 3 ಕೆಜಿ ಕರಿ ದ್ರಾಕ್ಷಿ, 3 ಕೆಜಿ ಸಕ್ಕರೆ, ಕುದಿಸಿ ಆರಿಸಿದ ನೀರು 4 ಲೀಟರ್, ಒಂದು ಹಿಡಿ ಗೋಧಿ, ದಾಲ್ಚಿನ್ನಿ, ಲವಂಗ, ಒಂದು ಚಮಚ ಯೀಸ್ಟ್. ಹೋದ ವರ್ಷ ನಮ್ಮ ಮನೆಯವರಿಗೆ ಶುಗರ್ ಬಂತು. ಈ ಸಲ ಸಕ್ಕರೆ ಪೂರ್ತಿ ಬಿಟ್ಟು, ಅದರ ಬದಲು ಚಹಾಕ್ಕೆ ಹಾಕುವ ಸಿಹಿ ಗುಳಿಗೆ ಹಾಕಬೇಕೆಂದಿದ್ದೇನೆ. 3 ಕೆಜಿ ಸಕ್ಕರೆಗೆ ಎಷ್ಟು ಗುಳಿಗೆ ಹಿಡಿಯುತ್ತದೆ? – ಹೆಸರು ಬೇಡ, ಮಂಗಲಪೇಟೆ, ಬೀದರ್

ಉತ್ತರ: ಹಾಗೆ ಮಾಡಬೇಡಿ, ತಂಗಿ. ಇಡೀ ಜಾಡಿ ಹಾಳಾಗುತ್ತದೆ.

ಚಹಾದಲ್ಲಿ ಸಕ್ಕರೆಗೆ ಇರುವುದು ಒಂದೇ ಕೆಲಸ, ಸಿಹಿ ಮಾಡುವುದು. ವೈನಿನಲ್ಲಿ ಎರಡು. ಮೊದಲು ಅದು ಯೀಸ್ಟಿನ ಊಟ. ಅದನ್ನು ತಿಂದು ಯೀಸ್ಟ್ ಆಲ್ಕೋಹಾಲನ್ನೂ ಗುಳ್ಳೆಯಾಗಿ ಏಳುವ ಗ್ಯಾಸನ್ನೂ ಬಿಡುತ್ತದೆ. ಯೀಸ್ಟ್ ತಿಂದು ಬಿಟ್ಟ ಮೇಲೆ ಏನಾದರೂ ಉಳಿದರೆ ಅದು ನಿಮ್ಮ ನಾಲಿಗೆಯ ಪಾಲು. ಗುಳಿಗೆ ನಾಲಿಗೆಗೆ ಸಿಹಿ, ಯೀಸ್ಟಿಗೆ ಬರೀ ಕಲ್ಲು. ಸಕ್ಕರೆ ಬಿಟ್ಟು ಗುಳಿಗೆ ಹಾಕಿದರೆ ಯೀಸ್ಟಿಗೆ ಸಿಗುವುದು ದ್ರಾಕ್ಷಿಯೊಳಗಿನ ಸಕ್ಕರೆ ಮಾತ್ರ. 3 ಕೆಜಿ ದ್ರಾಕ್ಷಿಯಿಂದ ಹೆಚ್ಚೆಂದರೆ 2 ಲೀಟರ್ ರಸ ಬರುತ್ತದೆ, ಅದರಲ್ಲಿ 340 ಗ್ರಾಂ ಸಕ್ಕರೆ ಇದ್ದರೆ ಜಾಸ್ತಿ. ಅದಕ್ಕೆ 4 ಲೀಟರ್ ನೀರು ಸೇರಿಸಿದರೆ ಲೀಟರಿಗೆ 57 ಗ್ರಾಂ ಆಯಿತು. ಲೀಟರಿಗೆ 17 ಗ್ರಾಂ ಸಕ್ಕರೆ ಹುದುಗಿದರೆ ಶೇ. 1ರಷ್ಟು ಆಲ್ಕೋಹಾಲ್ ಅನ್ನುವುದು ಲೆಕ್ಕ. ಅಂದರೆ ಶೇ. 3 ಚಿಲ್ಲರೆ. ಅಷ್ಟು ತೆಳು ಇದ್ದರೆ ಅದು ತನ್ನನ್ನು ತಾನು ಕಾಪಾಡಿಕೊಳ್ಳುವುದಿಲ್ಲ. ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಕ್ರಿಸ್‌ಮಸ್ ಹೊತ್ತಿಗೆ ನಿಮ್ಮ ಕೈಯಲ್ಲಿ ಸಿಹಿ ವಿನೆಗರ್ ಇರುತ್ತದೆ.

ಇನ್ನು ಅತ್ತೆಯವರ ಲೆಕ್ಕ. ಅವರ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಆ 3 ಕೆಜಿ ಸಕ್ಕರೆ ತುಂಬಾ ಆಯಿತು. ಎಲ್ಲ ಸೇರಿ ಜಾಡಿಯಲ್ಲಿ ಸುಮಾರು 8 ಲೀಟರ್ ಆಗುತ್ತದೆ, ಲೀಟರಿಗೆ 400 ಗ್ರಾಂ ಮೇಲೆ ಸಕ್ಕರೆ. ಯೀಸ್ಟ್ ಅದರಲ್ಲಿ ಅರ್ಧ ತಿನ್ನುವಷ್ಟರಲ್ಲೇ ತಾನು ಮಾಡಿದ ಆಲ್ಕೋಹಾಲಿನಲ್ಲೇ ಸೋತು ಕೂರುತ್ತದೆ. ಉಳಿದ 200 ಗ್ರಾಂ ವೈನಿನಲ್ಲೇ ಇರುತ್ತದೆ. ನೀವು 22 ವರ್ಷ ‘ನಮ್ಮ ಮನೆ ವೈನ್ ಸಿಹಿ’ ಅಂತ ಹೊಗಳಿಸಿಕೊಂಡದ್ದು ಯೀಸ್ಟ್ ತಿನ್ನಲಾರದೆ ಬಿಟ್ಟ ಎಂಜಲಿಗೆ! 100 ಮಿಲೀ ಹಿಡಿಯುವ ಸಣ್ಣ ಲೋಟದಲ್ಲಿ 20 ಗ್ರಾಂ, ಅಂದರೆ ನಾಲ್ಕು ಚಮಚ ಸಕ್ಕರೆ. ಶುಗರ್ ಇದ್ದವರಿಗೆ ಇದು ಬೇಡವೇ ಬೇಡ. ಅಲ್ಲಿಗೆ ನಿಮ್ಮ ಚಿಂತೆ ಸರಿಯಾಗಿದೆ.

ಹಾಗಾದರೆ ಏನು ಮಾಡಬೇಕು? ಸಕ್ಕರೆ ಹಾಕಿ, ಆದರೆ ಯೀಸ್ಟ್ ಪೂರ್ತಿ ತಿಂದು ಮುಗಿಸುವಷ್ಟೇ ಹಾಕಿ. 3 ಕೆಜಿ ದ್ರಾಕ್ಷಿಗೆ ನೀರು 2 ಲೀಟರಿಗೆ ಇಳಿಸಿ. ಸಕ್ಕರೆ 550 ಗ್ರಾಂ ಸಾಕು. ದ್ರಾಕ್ಷಿಯದ್ದೂ ಸೇರಿ ಲೀಟರಿಗೆ 200 ಗ್ರಾಂ ಆಸುಪಾಸು ಬರುತ್ತದೆ, ಹುದುಗಿದ ಮೇಲೆ ಶೇ. 12 ಆಲ್ಕೋಹಾಲ್. ಗೋಧಿ, ದಾಲ್ಚಿನ್ನಿ ನಿಮ್ಮ ಇಷ್ಟ. ಮೊದಲ ವಾರ ದಿನಕ್ಕೆರಡು ಸಲ ಮರದ ಸೌಟಿನಿಂದ ತಿರುವಿ, ಮುಚ್ಚಳ ಬಿಗಿಯಾಗಿ ಹಾಕಬೇಡಿ. ಆಮೇಲೆ ಸಿಪ್ಪೆ ಹಿಂಡಿ ತೆಗೆದು, ಸೋಸಿ, ಕತ್ತಿನ ತನಕ ತುಂಬಿಡಿ. ಗುಳ್ಳೆ ಪೂರ್ತಿ ನಿಂತು, ಗಸಿ ತಳಕ್ಕೆ ಇಳಿದು, ಮೇಲಿನದು ತಿಳಿಯಾಗುವವರೆಗೆ ಕಾಯಿರಿ. ಆಗ ಅದು ಒಗರು, ಹುಳಿ, ಸಿಹಿ ಸೊನ್ನೆ. ಬಾಯಿಗಿಟ್ಟರೆ ಮುಖ ಕಿವಿಚುತ್ತೀರಿ. ಹೆದರಬೇಡಿ, ಗುಳಿಗೆಯ ಕೆಲಸ ಶುರುವಾಗುವುದು ಈಗ.

ಇಡೀ ಜಾಡಿಗೆ ಒಮ್ಮೆಲೇ ಸುರಿಯಬೇಡಿ. ಹತ್ತು ಗುಳಿಗೆಯನ್ನು 100 ಮಿಲೀ ಬಿಸಿನೀರಿನಲ್ಲಿ ಕರಗಿಸಿ ಆರಿಸಿ. ಸಾಮಾನ್ಯವಾಗಿ ಒಂದು ಗುಳಿಗೆ ಒಂದು ಚಮಚ ಸಕ್ಕರೆಯ ಸಿಹಿಗೆ ಸಮ, ಡಬ್ಬಿಯ ಮೇಲೆ ಬರೆದಿರುತ್ತದೆ, ನೋಡಿಕೊಳ್ಳಿ. ಔಷಧಿ ಅಂಗಡಿಯಿಂದ ಸೂಜಿ ಇಲ್ಲದ 5 ಮಿಲೀ ಸಿರಿಂಜ್ ತನ್ನಿ. ನಾಲ್ಕು ಲೋಟಕ್ಕೆ 100 ಮಿಲೀ ವೈನ್ ಹಾಕಿ. ಒಂದಕ್ಕೆ ಏನೂ ಬೇಡ. ಉಳಿದವಕ್ಕೆ 2, 4, 6 ಮಿಲೀ ಸಿಹಿ ನೀರು. ಮನೆಯವರಿಗೆ ಯಾವುದು ಎಷ್ಟು ಅಂತ ಹೇಳದೆ ಕುಡಿಸಿ. ನಮ್ಮ ಮನೆಯಲ್ಲಿ ಎಲ್ಲರೂ 4ರ ಲೋಟವನ್ನೇ ಮೆಚ್ಚಿದರು, ನನ್ನ ಹೆಂಡತಿಯನ್ನು ಬಿಟ್ಟು. ಅವಳಿಗೆ ನಾಲ್ಕೂ ಕಷಾಯ. 4 ಮಿಲೀ ಒಪ್ಪಿಗೆಯಾದರೆ 4 ಲೀಟರಿಗೆ 160 ಮಿಲೀ, ಅಂದರೆ 16 ಗುಳಿಗೆ ಸಾಕಾಯಿತು. 3 ಕೆಜಿಗೆ ಎಷ್ಟು ಅಂತ ಕೇಳಿದ್ದಿರಿ, ಅಲ್ವಾ? ಆ ಲೆಕ್ಕದಲ್ಲಿ ಹೋಗಿದ್ದರೆ 600 ಗುಳಿಗೆ ಬೀಳುತ್ತಿತ್ತು!

ಇನ್ನೊಂದು ಮಾತು. ಈ ಸಿಹಿಗಳು ನಾಲಿಗೆಯ ಮೇಲೆ ಸಕ್ಕರೆಗಿಂತ ತಡವಾಗಿ ಏರುತ್ತವೆ, ತಡವಾಗಿ ಇಳಿಯುತ್ತವೆ. ಮೊದಲ ಗುಟುಕಿಗೆ ಸಾಲದು ಅನಿಸಿದ್ದು ಮೂರನೆಯದಕ್ಕೆ ಮುಖಕ್ಕೆ ಹೊಡೆಯುತ್ತದೆ. ಎರಡು ಲೋಟದ ನಡುವೆ ಜಗಳ ಬಿದ್ದರೆ ಕಡಿಮೆ ಇದ್ದದ್ದನ್ನೇ ಆರಿಸಿ.

ಯಾವ ಗುಳಿಗೆ? ನನ್ನ ವೋಟು ಸುಕ್ರಲೋಸಿಗೆ. ಅದು ಸಕ್ಕರೆಯಿಂದಲೇ ಮಾಡಿದ್ದು, ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿ, ಹುಳಿಗೂ ಬಿಸಿಗೂ ಜಗ್ಗುವುದಿಲ್ಲ. 1976ರಲ್ಲಿ ಲಂಡನ್ನಿನಲ್ಲಿ ಶಶಿಕಾಂತ ಫಡ್ನಿಸ್ ಎಂಬ ನಮ್ಮ ದೇಶದ ಹುಡುಗ ಸಕ್ಕರೆಗೆ ಕ್ಲೋರಿನ್ ಸೇರಿಸುವ ಪ್ರಯೋಗದಲ್ಲಿದ್ದ. ಮೇಲಿನವರು ‘ಟೆಸ್ಟ್’ ಮಾಡು ಅಂದದ್ದು ಅವನಿಗೆ ‘ಟೇಸ್ಟ್’ ಮಾಡು ಅಂತ ಕೇಳಿಸಿತು, ನಾಲಿಗೆಗೆ ಇಟ್ಟೇಬಿಟ್ಟ. ನಮ್ಮ ಲ್ಯಾಬಿನಲ್ಲಿ ಯಾರಾದರೂ ಹಾಗೆ ಮಾಡಿದ್ದರೆ ಮೆಮೋ ಕೊಡುತ್ತಿದ್ದೆ.

ಸ್ಟೀವಿಯಾ ಎಲೆಯಿಂದ ಬಂದದ್ದು, ಕೆಲವರಿಗೆ ಅದೇ ಸಮಾಧಾನ. ಆದರೆ ಅದಕ್ಕೆ ಜ್ಯೇಷ್ಠಮಧುವಿನಂಥ ಒಂದು ಕಹಿ ಬಾಲ ಇದೆ. ಒಗರು ವೈನಿನಲ್ಲಿ ಆ ಬಾಲ ಇನ್ನೂ ಉದ್ದ. ಆಸ್ಪರ್ಟೇಮ್ ಶಾಖಕ್ಕೆ ಮೆಲ್ಲಗೆ ಒಡೆಯುತ್ತದೆ. ಡಿಸೆಂಬರಿನಲ್ಲಿ ಸಿಹಿ ಮಾಡಿಟ್ಟ ಬಾಟಲಿ ನಮ್ಮ ಮೇ ತಿಂಗಳ ಬಿಸಿಲು ಕಂಡ ಮೇಲೆ ಅಷ್ಟೇ ಸಿಹಿ ಇರುವುದಿಲ್ಲ. ಫಿನೈಲ್‌ಕೀಟೋನ್ಯೂರಿಯಾ ಎಂಬ ಹುಟ್ಟಿನಿಂದ ಬರುವ ತೊಂದರೆ ಇದ್ದವರಂತೂ ಅದನ್ನು ಮುಟ್ಟಬಾರದು. ಎರಿಥ್ರಿಟಾಲ್ ಸಕ್ಕರೆಯ ಮುಕ್ಕಾಲು ಪಾಲಿಗೂ ಕಡಿಮೆ ಸಿಹಿ, ಬಾಯಲ್ಲಿ ಪೆಪ್ಪರ್‌ಮಿಂಟಿನ ಹಾಗೆ ತಂಪು. ವೈನಿಗೆ ಆ ತಂಪು ಒಪ್ಪುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಸ್ಯಾಕರಿನ್ ಎಲ್ಲಕ್ಕಿಂತ ಅಗ್ಗ, ತಗಡು ನೆಕ್ಕಿದ ರುಚಿ. ನಮ್ಮ ಕಡೆ ಕಲಬೆರಕೆ ಶೇಂದಿಗೆ ಸಿಹಿ ಬರಿಸಲು ಹಾಕುತ್ತಿದ್ದದ್ದು ಅದನ್ನೇ. ಅದರ ವಾಸನೆಗೇ ನನಗೆ ಬೇರೆ ನೆನಪುಗಳು ಬರುತ್ತವೆ, ಬಿಡಿ.

ಡಬ್ಬಿ ಕೊಳ್ಳುವಾಗ ಮುಂದಿನ ಚಿತ್ರ ನೋಡಬೇಡಿ, ಹಿಂದಿನ ಸಣ್ಣ ಅಕ್ಷರ ಓದಿ. ಪುಡಿ ಪೊಟ್ಟಣಗಳಲ್ಲಿ ಸಿಹಿಯ ವಸ್ತು ಚಿಟಿಕೆಯಷ್ಟು, ಉಳಿದದ್ದು ತೂಕಕ್ಕೆ ಸೇರಿಸಿದ್ದು. ಅದು ಡೆಕ್ಸ್‌ಟ್ರೋಸ್ ಅಂತಿದ್ದರೆ ವಾಪಸ್ ಇಟ್ಟು ಬನ್ನಿ. ಡೆಕ್ಸ್‌ಟ್ರೋಸ್ ಅಂದರೆ ಗ್ಲುಕೋಸೇ. ಯೀಸ್ಟಿಗೂ ಊಟ, ನಿಮ್ಮ ಮನೆಯವರ ರಕ್ತಕ್ಕೂ ಊಟ. ಲ್ಯಾಕ್ಟೋಸ್ ಅಂತಿದ್ದರೆ ಅದು ಹಾಲಿನ ಸಕ್ಕರೆ, ವೈನಿನ ಯೀಸ್ಟ್ ತಿನ್ನುವುದಿಲ್ಲ. ಆದರೆ ಹಾಲು ಆಗದವರ ಹೊಟ್ಟೆ ಗುಡುಗುತ್ತದೆ.

ಈಗ ನೀವು ಕೇಳದೆ ಇದ್ದದ್ದನ್ನು ಹೇಳುತ್ತೇನೆ, ಇದನ್ನು ಮನೆಯವರಿಗೂ ಓದಿ ಹೇಳಿ. ಸಕ್ಕರೆ ತೆಗೆದ ಮಾತ್ರಕ್ಕೆ ವೈನ್ ಶುಗರ್‌ನವರ ಪಾನಕ ಆಗುವುದಿಲ್ಲ. ಆಲ್ಕೋಹಾಲ್ ಹೊಟ್ಟೆಗೆ ಹೋದರೆ ಲಿವರ್ ಮೊದಲು ಅದನ್ನು ಕಳಿಸುವ ಕೆಲಸಕ್ಕೆ ನಿಲ್ಲುತ್ತದೆ. ರಕ್ತಕ್ಕೆ ಸಕ್ಕರೆ ಬಿಡುವ ತನ್ನ ರಾತ್ರಿಪಾಳಿಯನ್ನು ಮರೆಯುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ, ಗ್ಲಿಮೆಪಿರೈಡ್‌ನಂಥ ಗುಳಿಗೆ ನುಂಗುವವರಿಗೆ ಶುಗರ್ ದಿಢೀರ್ ಇಳಿಯಬಹುದು, ಅದೂ ಕುಡಿದು ಎಷ್ಟೋ ಗಂಟೆಯ ಮೇಲೆ, ನಿದ್ದೆಯಲ್ಲಿ. ಬೆವರು, ತೊದಲು, ತೂರಾಟ ನೋಡಿ ಮನೆಯವರು ‘ಜಾಸ್ತಿ ಏರಿದೆ, ಮಲಗಲಿ’ ಅಂದುಬಿಡುತ್ತಾರೆ. ಅದೇ ಅಪಾಯ. ಮೆಟ್‌ಫಾರ್ಮಿನ್‌ಗೂ ಜಾಸ್ತಿ ಕುಡಿತಕ್ಕೂ ಆಗಿಬರುವುದಿಲ್ಲ. ಡಾಕ್ಟರನ್ನು ಕೇಳಿ. ಅವರು ಆಗಲಿ ಅಂದರೆ ಒಂದೇ ಸಣ್ಣ ಲೋಟ, ಊಟದ ಜೊತೆಗೆ, ಖಾಲಿ ಹೊಟ್ಟೆಯಲ್ಲಲ್ಲ. ಈ ಸಿಹಿಗಳನ್ನು ತೂಕ ಇಳಿಸುವ ದಾರಿ ಅಂತ ನಂಬಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ 2023ರಲ್ಲಿ ಹೇಳಿದೆ. ಆ ಸಲಹೆ ಈಗಾಗಲೇ ಶುಗರ್ ಇದ್ದವರನ್ನು ಬಿಟ್ಟು ಉಳಿದವರಿಗೆ ಅನ್ನುವುದನ್ನೂ ಅಲ್ಲೇ ಬರೆದಿದ್ದಾರೆ.

ಪ್ರಶ್ನೆ: ಸರ್, ಹೋದ ಸಂಕ್ರಾಂತಿಗೆ ವೈನ್ ಸೋಸಿದೆ. ಒಗರು ಅನಿಸಿತು. ಲೀಟರಿಗೆ ಆರು ಚಮಚ ಸಕ್ಕರೆ ಹಾಕಿ, ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಿಟ್ಟಿದ್ದೆ. ಮಾರ್ಚಿನಲ್ಲಿ ಒಂದರ ಬಿರಡೆ ಹಾರಿ ಟ್ಯೂಬ್‌ಲೈಟ್ ಒಡೆಯಿತು. ಗುಳ್ಳೆ ನಿಂತು ವಾರವಾದ ಮೇಲೇ ತುಂಬಿದ್ದು. ಹೀಗ್ಯಾಕಾಯಿತು? – ಎಂ.ಎಸ್., ಕಲಬುರಗಿ

ಉತ್ತರ: ಟ್ಯೂಬ್‌ಲೈಟಿಗೇ ಮುಗಿಯಿತಲ್ಲ ತಮ್ಮಾ, ನೀನು ಪುಣ್ಯವಂತ.

ನನ್ನ ಕಥೆ ಕೇಳು. ಕಾರ್ಖಾನೆ ಕ್ವಾರ್ಟರ್ಸಿನಲ್ಲಿದ್ದಾಗ ಪಕ್ಕದ ಮನೆಯ ಗೆಳೆಯ ಮತ್ತು ನಾನು ಸೇರಿ ದ್ರಾಕ್ಷಿ ವೈನ್ ಮಾಡಿದೆವು. ಬೀದರ್ ಸಮುದ್ರ ಮಟ್ಟದಿಂದ 600 ಮೀಟರಿಗೂ ಎತ್ತರದ ಊರು, ಜನವರಿ ರಾತ್ರಿ ಎರಡು ಚಾದರ ಬೇಕು. ಗುಳ್ಳೆ ನಿಂತಿತು, ಮುಗಿಯಿತು ಅಂದುಕೊಂಡೆವು. ಚಾದರ ಬೇಕಾದದ್ದು ಯೀಸ್ಟಿಗೂ ಅಂತ ಲ್ಯಾಬಿನವನಾದ ನನಗೇ ಹೊಳೆಯಲಿಲ್ಲ. ಅದು ಮುಗಿಸಿರಲಿಲ್ಲ, ಮಲಗಿತ್ತು. ನಾವು ಮೇಲಿಂದ ಸಕ್ಕರೆ ಹಾಕಿ, ತಂತಿ ಕ್ಲಿಪ್ಪಿನ ಸೋಡಾ ಬಾಟಲಿ ಆರಕ್ಕೆ ತುಂಬಿ, ಮಂಚದ ಕೆಳಗೆ ಜೋಳದ ಚೀಲದ ಪಕ್ಕ ಇಟ್ಟೆವು.

ಹೋಳಿ ಹುಣ್ಣಿಮೆ ಮುಗಿದ ನಾಲ್ಕನೇ ದಿನ, ಮಧ್ಯಾಹ್ನ ಮೂರು ಗಂಟೆ. ಮೊದಲು ಒಂದು ಸದ್ದು. ನನ್ನ ಹೆಂಡತಿ ಸಿಲಿಂಡರ್ ಅಂದುಕೊಂಡು ಮಗುವನ್ನು ಎತ್ತಿಕೊಂಡು ಹೊರಗೆ ಓಡಿದಳು. ಅವಳು ಅಂಗಳ ಮುಟ್ಟುವಷ್ಟರಲ್ಲಿ ಉಳಿದವೂ ಒಂದರ ಹಿಂದೊಂದು ಸಿಡಿದವು. ನಾನು ಡ್ಯೂಟಿಯಿಂದ ಬಂದು ನೋಡಿದರೆ ಸುಣ್ಣದ ಗೋಡೆಗೆ ಮೊಳಕಾಲೆತ್ತರ ನೇರಳೆ ಬಣ್ಣ, ಅದರ ಮೇಲೆ ಆಗಲೇ ಇರುವೆ ಸಾಲು. ಗಾಜು ಗೋಣಿಚೀಲ ತೂರಿಕೊಂಡು ಜೋಳದೊಳಗೆ ಸೇರಿತ್ತು. ಜೋಳ ಹಸನು ಮಾಡಬಹುದು, ಆದರೆ ಗಾಜಿನ ಚೂರಿಗೂ ಜೋಳದ ಕಾಳಿಗೂ ಮೊರದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಅರ್ಧ ಚೀಲ ಜೋಳ ತಿಪ್ಪೆಗೆ ಹೋಯಿತು. ಇವತ್ತಿಗೂ ರೊಟ್ಟಿ ಬಡಿಯುವಾಗ ನೆನಪಾದರೆ ನನ್ನ ಕಡೆ ಒಂದು ಸಲ ನೋಡುತ್ತಾಳೆ.

ಬಿಸಿಲು ಏರಿದಾಗ ಯೀಸ್ಟ್ ಎದ್ದು, ಸಕ್ಕರೆ ತಿಂದು, ಮುಚ್ಚಿದ ಬಾಟಲಿಯೊಳಗೇ ಗ್ಯಾಸ್ ಬಿಟ್ಟಿತ್ತು. ಒಳಗೆ ಎಷ್ಟು ಒತ್ತಡ ಇತ್ತು ಅಂತ ಆಮೇಲೆ ಲೆಕ್ಕ ಹಾಕಿದೆ. ಶಾಂಪೇನ್ ಮಾಡುವವರು ಬೇಕೆಂದೇ ಬಾಟಲಿಗೆ ಸಕ್ಕರೆ ಹಾಕುತ್ತಾರೆ, ಲೀಟರಿಗೆ ಸುಮಾರು 24 ಗ್ರಾಂ. ಅಷ್ಟಕ್ಕೇ ಒಳಗೆ 6 ಅಟ್ಮಾಸ್ಫಿಯರ್ ಒತ್ತಡ ಬರುತ್ತದೆ. ಕಾರಿನ ಟೈರಿನಲ್ಲಿ ಇರುವುದು 2ರಷ್ಟು. ಅದಕ್ಕೇ ಶಾಂಪೇನ್ ಬಾಟಲಿಯ ಗಾಜು ಅಷ್ಟು ದಪ್ಪ. ನಿನ್ನ ಆರು ಚಮಚ ಅಂದರೆ 30 ಗ್ರಾಂ. ಪೂರ್ತಿ ಹುದುಗಿದ್ದರೆ ಶಾಂಪೇನನ್ನೂ ದಾಟುತ್ತಿತ್ತು, ಅದೂ ಕಲಬುರಗಿಯ ಬಿಸಿಲಿನಲ್ಲಿ. ಬಿಸಿ ಏರಿದಷ್ಟೂ ಒತ್ತಡವೂ ಏರುತ್ತದೆ. ಉಳಿದ ಬಾಟಲಿ ಇನ್ನೂ ಇದ್ದರೆ ಕೈಯಲ್ಲಿ ಅಲ್ಲಾಡಿಸಬೇಡ. ದಪ್ಪ ಟವೆಲ್ ಸುತ್ತಿ, ಮುಖ ಆಚೆ ಮಾಡಿ, ಫ್ರಿಜ್ಜಿನಲ್ಲಿ ಒಂದು ದಿನ ತಣ್ಣಗಾಗಿಸಿ, ಆಮೇಲೆ ಮೆಲ್ಲಗೆ ಬಿರಡೆ ಸಡಿಲಿಸು.

ಹೀಗಾಗದ ಹಾಗೆ ಸಕ್ಕರೆಯಿಂದಲೇ ಸಿಹಿ ಮಾಡಬೇಕೆಂದರೆ ಯೀಸ್ಟಿನ ಕೈಕಾಲು ಕಟ್ಟಬೇಕು. ಮೊದಲು ತಿಳಿಯಾಗಲು ಬಿಟ್ಟು, ಗಸಿ ಕದಡದಂತೆ ನಳಿಕೆಯಿಂದ ಮೇಲಿನದನ್ನು ಎಳೆದುಕೋ. ಆಮೇಲೆ 10 ಲೀಟರಿಗೆ 1 ಗ್ರಾಂ ಕೆಎಂಎಸ್ ಮತ್ತು 2.5 ಗ್ರಾಂ ಪೊಟ್ಯಾಸಿಯಂ ಸಾರ್ಬೇಟ್. ಕೆಎಂಎಸ್ ಅಂದರೆ ಸ್ಕ್ವಾಷ್ ಕೆಡದಂತೆ ಹಾಕುವ ಅದೇ ಪುಡಿ. ಸಾರ್ಬೇಟ್ ಯೀಸ್ಟನ್ನು ಕೊಲ್ಲುವುದಿಲ್ಲ, ಮರಿ ಹಾಕದಂತೆ ತಡೆಯುತ್ತದೆ ಅಷ್ಟೇ. ಅದಕ್ಕೇ ಇನ್ನೂ ಹುದುಗುತ್ತಿರುವ ಜಾಡಿಗೆ ಅದನ್ನು ಸುರಿದರೆ ಏನೂ ಉಪಯೋಗವಿಲ್ಲ. ಒಂದೊಂದನ್ನೇ ಹಾಕಿದರೂ ಸಾಲದು, ಎರಡೂ ಬೇಕು. ಮನೆಯಲ್ಲಿ ಅಸ್ತಮಾ ಇದ್ದವರಿದ್ದರೆ ಕೆಎಂಎಸ್ ಹಾಕಿದ್ದನ್ನು ಕೊಡಬೇಡ, ಉಸಿರು ಹಿಡಿಯಬಹುದು.

ಈ ರಗಳೆ ಬೇಡ ಅನ್ನುವವನಿಗೆ ಸುಕ್ರಲೋಸ್ ಸುಲಭ. ಯೀಸ್ಟ್ ಅದನ್ನು ಮೂಸಿಯೂ ನೋಡುವುದಿಲ್ಲ. ಆದರೆ ಇಲ್ಲೂ ಒಂದು ಮೋಸ ಇದೆ. ದ್ರಾಕ್ಷಿಯ ಸಕ್ಕರೆಯೇ ಒಳಗೆ ಉಳಿದಿದ್ದರೆ ಗುಳಿಗೆ ಹಾಕಿದರೂ ಬಾಟಲಿ ಸಿಡಿಯುತ್ತದೆ. ಇನ್ನೂ ಕೆಟ್ಟದ್ದೆಂದರೆ, ಗುಳಿಗೆಯ ಸಿಹಿ ಬಾಯಲ್ಲಿದ್ದರೆ ಒಳಗೆ ಸಕ್ಕರೆ ಉಳಿದದ್ದು ನಾಲಿಗೆಗೆ ಗೊತ್ತೇ ಆಗುವುದಿಲ್ಲ. ಮೊದಲು ಹೈಡ್ರೋಮೀಟರ್ ಬಿಟ್ಟು ನೋಡು. ದ್ರವ ನೀರಿಗಿಂತ ಭಾರವೋ ಹಗುರವೋ ಅಂತ ತೇಲಿ ತೋರಿಸುವ ಗಾಜಿನ ಕೊಳವೆ ಅದು, ನೀರಿಗೆ 1.000 ತೋರಿಸುತ್ತದೆ. ರೀಡಿಂಗ್ 1.000ಕ್ಕಿಂತ ಕೆಳಗೆ, 0.995ರ ಆಸುಪಾಸು ಇರಬೇಕು. ಚಳಿಗಾಲವಾದರೆ ಜಾಡಿಯನ್ನು ಒಂದು ವಾರ ಅಡುಗೆಮನೆಯ ಬೆಚ್ಚನೆ ಮೂಲೆಯಲ್ಲಿಟ್ಟು ಮತ್ತೆ ನೋಡು. ಆಗಲೂ ಅಷ್ಟೇ ಇದ್ದರೆ ಯೀಸ್ಟ್ ನಿಜವಾಗಿಯೂ ಮುಗಿಸಿದೆ.

ಪ್ರಶ್ನೆ: ಸಕ್ಕರೆ ಬದಲು ಬೆಲ್ಲ, ಜೇನು ಅಥವಾ ಖರ್ಜೂರ ಹಾಕಿದರೆ ಶುಗರ್ ಇದ್ದವರಿಗೆ ಒಳ್ಳೆಯದಂತೆ, ಹೌದಾ? – ಗೃಹಿಣಿ, ಸುರಪುರ, ಯಾದಗಿರಿ ಜಿಲ್ಲೆ

ಉತ್ತರ: ಇಲ್ಲ. ಬೆಲ್ಲ ಅಂದರೆ ಸ್ನಾನ ಮಾಡದ ಸಕ್ಕರೆ. 31 ವರ್ಷ ಅದೇ ಸ್ನಾನ ಮಾಡಿಸಿದವನ ಮಾತು ಇದು, ನಂಬಿ. ಜೇನಿನಲ್ಲಿ ಶೇ. 80ರಷ್ಟು ಸಕ್ಕರೆಯೇ, ಖರ್ಜೂರದಲ್ಲೂ ಮೂರರಲ್ಲಿ ಎರಡು ಪಾಲು. ಮೂರನ್ನೂ ಯೀಸ್ಟ್ ಚಪ್ಪರಿಸಿ ತಿನ್ನುತ್ತದೆ. ಶುರುವಿಗೆ ಹಾಕಿ ಪೂರ್ತಿ ಹುದುಗಿಸಿದರೆ ಸಿಹಿ ಉಳಿಯುವುದಿಲ್ಲ, ರುಚಿ ಮಾತ್ರ ಬೇರೆ ಬರುತ್ತದೆ. ಬೆಲ್ಲದ ವೈನಿಗೆ ಕಾಕಂಬಿಯ ಒಂದು ವಾಸನೆ ಇರುತ್ತದೆ. ನನಗೆ ಅದು ಕಾರ್ಖಾನೆಯ ವಾಸನೆ, ಇಷ್ಟ. ಕುಡಿದ ಗೆಳೆಯರೆಲ್ಲ ಎರಡನೇ ಲೋಟ ಬೇಡ ಅಂದರು.

ಪ್ರಶ್ನೆ: ನಮ್ಮ ಮನೆಯಲ್ಲಿ ಅಜ್ಜನ ಕಾಲದ ಬಿದ್ರಿ ಸುರಾಹಿ ಇದೆ. ಹಬ್ಬಕ್ಕೆ ಅದರಲ್ಲಿ ವೈನ್ ತುಂಬಿಡಬೇಕೆಂದು ಮಗಳ ಆಸೆ. ವೈನ್ ಹುಳಿ ಇದ್ದರೆ ಲೋಹದ ಪಾತ್ರೆಯಲ್ಲಿ ಇಟ್ಟರೆ ಸಿಹಿಯಾಗುತ್ತದೆ ಅಂತಲೂ ಯಾರೋ ಹೇಳಿದರು. – ಓದುಗ, ಬಸವಕಲ್ಯಾಣ

ಉತ್ತರ: ಆ ‘ಯಾರೋ’ ಹೇಳಿದ್ದರಲ್ಲಿ ಎರಡು ಸಾವಿರ ವರ್ಷದ ಒಂದು ಸತ್ಯ ಇದೆ, ಅದಕ್ಕೇ ಭಯ. ಹಿಂದಿನ ರೋಮಿನ ಜನ ದ್ರಾಕ್ಷಿ ರಸವನ್ನು ಸೀಸದ ಪಾತ್ರೆಯಲ್ಲಿ ಬತ್ತಿಸಿ ವೈನಿಗೆ ಬೆರೆಸುತ್ತಿದ್ದರು. ಹುಳಿ ಸೀಸವನ್ನು ತಿಂದು ಸೀಸದ ಅಸಿಟೇಟ್ ಆಗುತ್ತದೆ. ಅದು ನಿಜಕ್ಕೂ ಸಿಹಿ, ಮತ್ತು ನಿಜಕ್ಕೂ ವಿಷ. ಇದು ಹಳೇ ಕಾಲದ ಕಥೆ ಅನ್ನಬೇಡಿ. 1985ರಲ್ಲಿ ಆಸ್ಟ್ರಿಯಾದಲ್ಲಿ ಕೆಲವು ವೈನ್ ತಯಾರಕರು ತೆಳು ವೈನನ್ನು ಸಿಹಿ, ಮಂದ ಅನಿಸುವಂತೆ ಮಾಡಲು ಡೈ ಎಥಿಲಿನ್ ಗ್ಲೈಕಾಲ್ ಸೇರಿಸಿ ಸಿಕ್ಕಿಬಿದ್ದರು. ಅದೂ ವಿಷವೇ. ವೈನಿನಲ್ಲಿ ಸಿಹಿಗಾಗಿ ಅಡ್ಡದಾರಿ ಹಿಡಿದವರ ಪಟ್ಟಿ ಉದ್ದ ಇದೆ.

ಬಿದ್ರಿಯಲ್ಲಿ ಇರುವುದು ಬಹುಪಾಲು ಸತು. 16 ಪಾಲು ಸತುವಿಗೆ ಒಂದು ಪಾಲು ತಾಮ್ರ ಅನ್ನುವುದು ಸಾಮಾನ್ಯ ಲೆಕ್ಕ. ಮೇಲಿನ ಆ ಚೆಂದದ ಕಪ್ಪು ಬೀದರ್ ಕೋಟೆಯ ಮಣ್ಣು, ನವಸಾಗರ ಸೇರಿಸಿ ತಿಕ್ಕಿದ್ದು. ಸತುವಿಗೆ ಹುಳಿ ತಾಗಿದರೆ ಕರಗಲು ಶುರು, ಹೈಸ್ಕೂಲ್ ಲ್ಯಾಬಿನಲ್ಲಿ ಗುಳ್ಳೆ ಬರಿಸಿದ್ದು ನೆನಪಿರಬೇಕು. ಆ ವೈನ್ ಕುಡಿದವರಿಗೆ ಹೊಟ್ಟೆ ತೊಳಸಿ ವಾಂತಿಯಾಗುತ್ತದೆ, ಸುರಾಹಿಯ ಮೈಯೂ ಕೆಡುತ್ತದೆ. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಕೂಡ ಬೇಡ. ಗಾಜು, ಪಿಂಗಾಣಿ ಜಾಡಿ, ಒಳ್ಳೆಯ ಸ್ಟೀಲ್ ಸಾಕು. ಮಗಳ ಆಸೆಗೆ ಸುರಾಹಿಯಲ್ಲಿ ಸೇವಂತಿಗೆ ಇಟ್ಟು ಟೇಬಲ್ ನಡುವೆ ಇಡಿ.

ಪ್ರಶ್ನೆ: ಶರಣರ ನಾಡಿನ ಪತ್ರಿಕೆಯಲ್ಲಿ ಹೆಂಡದ ಪಾಠ ಮಾಡಲು ನಾಚಿಕೆಯಾಗುವುದಿಲ್ಲವೇ? – ಸಹಿ ಇಲ್ಲ, ಕಲಬುರಗಿ

ಉತ್ತರ: ಕಲ್ಯಾಣದ ಶರಣರ ನಡುವೆ ಹೆಂಡದ ಮಾರಯ್ಯನವರೂ ಇದ್ದರು, ಸ್ವಾಮಿ. ಹೆಂಡ ಮಾರುವ ಕಾಯಕದವರು. ಅವರನ್ನು ಯಾರೂ ಹೊರಗಿಡಲಿಲ್ಲ. ಹಾಗಂತ ಕುಡಿಯಿರಿ ಅಂತ ನಾನು ಯಾರಿಗೂ ಹೇಳುತ್ತಿಲ್ಲ. ನನ್ನ ಪಾಲು ವರ್ಷಕ್ಕೆ ಎರಡು ಲೋಟ, ಅದೂ ಹೆಂಡತಿ ಎಣಿಸುತ್ತಾಳೆ.

ನಿಮ್ಮ ಪತ್ರದಿಂದ ಒಂದು ಉಪಕಾರ ಆಯಿತು, ಹೇಳಲೇಬೇಕಾದ ಮಾತೊಂದು ನೆನಪಾಯಿತು. 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವಂತಿಲ್ಲ, ಮಾರುವಂತಿಲ್ಲ. ಹಬ್ಬಕ್ಕೆ ಮನೆಮಟ್ಟಿಗೆ ಮಾಡುವುದು ಎಷ್ಟೋ ಮನೆಗಳ ವಾಡಿಕೆ, ಆದರೆ ವಾಡಿಕೆಯೇ ಕಾನೂನಲ್ಲ. ಮಂಗಲಪೇಟೆಯ ತಂಗಿ, ಕಲಬುರಗಿಯ ತಮ್ಮ, ಇದನ್ನು ತಿಳಿದೇ ಮುಂದಿನ ಹೆಜ್ಜೆ ಇಡಿ. ಮಾರುವ ಯೋಚನೆಯಂತೂ ಕನಸಿನಲ್ಲೂ ಬೇಡ.

ಪ್ರಶ್ನೆ: ಮಕ್ಕಳಿಗೆ, ಹಿರಿಯರಿಗೆ ಕೊಡಲು ಅಮಲಿಲ್ಲದ ದ್ರಾಕ್ಷಿ ರಸ ಮಾಡುವುದು ಹೇಗೆ? ಸ್ಟೀವಿಯಾ ಹಾಕಬಹುದೇ? – ಆರ್., ಹುಮನಾಬಾದ್

ಉತ್ತರ: ಇದಕ್ಕೆ ದಾರಿ ತೋರಿಸಿದ್ದು ಒಬ್ಬ ಹಲ್ಲಿನ ಡಾಕ್ಟರು. ಅಮೆರಿಕದ ಥಾಮಸ್ ವೆಲ್ಚ್. ಮೆಥಡಿಸ್ಟ್ ಸಭೆಯವರು. ಪ್ರಭುಭೋಜನಕ್ಕೆ ಅಮಲಿನ ವೈನ್ ಬೇಡ ಅನ್ನುವುದು ಅವರ ಹಟ. 1869ರಲ್ಲಿ ದ್ರಾಕ್ಷಿ ರಸವನ್ನು ಬಾಟಲಿಗೆ ತುಂಬಿ, ಬಿಸಿನೀರಿನಲ್ಲಿ ಇಟ್ಟು ಯೀಸ್ಟನ್ನೇ ಕೊಂದರು. ರಸ ರಸವಾಗಿಯೇ ಉಳಿಯಿತು. ಬೀದರಿನ ಮೆಥಡಿಸ್ಟ್ ಮನೆಗಳವರಿಗೆ ಈ ಕಥೆ ಹತ್ತಿರದ್ದು ಅಂದುಕೊಳ್ಳುತ್ತೇನೆ.

ನೀವೂ ಅದನ್ನೇ ಮಾಡಿ. ದ್ರಾಕ್ಷಿ ಬೇಯಿಸಿ ಹಿಂಡಿ, ಸೋಸಿ, ಕುದಿ ಬರುವ ಮೊದಲು ಇಳಿಸಿ, ತೊಳೆದು ಕುದಿಸಿದ ಬಾಟಲಿಗೆ ಬಿಸಿಬಿಸಿಯಾಗಿ ತುಂಬಿ ಮುಚ್ಚಿ. ಆರಿದ ಮೇಲೆ ಫ್ರಿಜ್ಜಿಗಿಡಿ, ಒಂದು ವಾರದಲ್ಲಿ ಮುಗಿಸಿ. ಸ್ಟೀವಿಯಾ ಹಾಕಬಹುದು, ಆದರೆ ಯಾಕೆ? ರಸದಲ್ಲೇ ಲೀಟರಿಗೆ 150 ಗ್ರಾಂ ಮೇಲೆ ಸಕ್ಕರೆ ಇರುತ್ತದೆ. ಶುಗರ್ ಇರುವ ಹಿರಿಯರಿಗೆ ಇದು ಪೂರ್ತಿ ಹುದುಗಿದ ವೈನಿಗಿಂತ ಹೆಚ್ಚು ಸಿಹಿ. ಅವರಿಗೆ ಅರ್ಧ ಲೋಟ ಸೋಡಾಕ್ಕೆ ಎರಡು ಚಮಚ ರಸ, ಲಿಂಬೆ, ಚಿಟಿಕೆ ಕಪ್ಪುಪ್ಪು.

ಪ್ರಶ್ನೆ: ಹೈಡ್ರೋಮೀಟರ್ ಇಲ್ಲ. ನಮ್ಮ ಡೇರಿಯ ಲ್ಯಾಕ್ಟೋಮೀಟರ್ ನಡೆಯುತ್ತದೆಯೇ? ಇಲ್ಲವೇ ಬ್ಯಾಟರಿ ಅಂಗಡಿಯದ್ದು? – ಕೆ.ಬಿ., ಭಾಲ್ಕಿ

ಉತ್ತರ: ಎರಡೂ ನಡೆಯುವುದಿಲ್ಲ. ಲ್ಯಾಕ್ಟೋಮೀಟರಿನ ಗೆರೆಗಳು ಹಾಲಿನ ಲೆಕ್ಕಕ್ಕೆ, ಅಂದರೆ 1.030ರ ಆಸುಪಾಸಿಗೆ. ಬ್ಯಾಟರಿಯದ್ದು ಆಸಿಡ್ಡಿಗೆ, 1.100ರಿಂದ ಮೇಲೆ. ಹುದುಗಿ ಮುಗಿದ ವೈನ್ ನೀರಿಗಿಂತ ಹಗುರ, ಎರಡೂ ಬುಡಕ್ಕೆ ಹೋಗಿ ಕೂರುತ್ತವೆ. ಕಬ್ಬಿನ ಹೊಲದಲ್ಲಿ ಕಣ್ಣಿಗಿಟ್ಟು ನೋಡುವ ಬ್ರಿಕ್ಸ್ ಮೀಟರ್ ಶುರುವಿನ ರಸಕ್ಕೆ ಸರಿ, ಆಲ್ಕೋಹಾಲ್ ಸೇರಿದ ಮೇಲೆ ಸುಳ್ಳು ಹೇಳುತ್ತದೆ. ವೈನಿನ ಹೈಡ್ರೋಮೀಟರನ್ನೇ ತರಿಸಿ, 0.990ರಿಂದ ಗೆರೆ ಇರುವಂಥದ್ದು. ಲ್ಯಾಕ್ಟೋಮೀಟರ್ ತೊಳೆದು ಡೇರಿಗೆ ವಾಪಸ್ ಕೊಡಿ, ಬೆಳಿಗ್ಗೆ ಹಾಲು ಅಳೆಯುವವರು ಹುಡುಕುತ್ತಿರುತ್ತಾರೆ.